ಹಾರುವ ಮನೆಯ ಅಳತೆ

ಜನವರಿ ೧೯, ಭಾನುವಾರ

ನನ್ನ ಬುಗುರಿಗೆ,

ನಿನ್ನ ಪಾರ್ಸೆಲ್ ಕೈಸೇರಿ ವಾರಗಳೇ ಕಳೆದವು. ಉತ್ತರ ಬರೆಯದೆ ಇದ್ದುದಕ್ಕೆ ಅಣ್ಣ ಕಿವಿ ಹಿಡಿದುಕೊಂಡಿದ್ದಾನೆ ಎಂದು ತಿಳಿದುಕೋ. ಎರಡೂ ಕಿವಿ ಹಿಡಿದರೆ ಬರೆಯುವುದು ಹೇಗೆ, ಅದಕ್ಕೇ ಸದ್ಯಕ್ಕೆ ಎಡಗಿವಿ ಮಾತ್ರ. ತಪ್ಪು ನನ್ನೊಬ್ಬನದೇ ಅಲ್ಲ. ಈ ಚಳಿಗಾಲದಲ್ಲಿ ಊರಿನ ಮುದುಕರೆಲ್ಲ ಮಾತಾಡಿಕೊಂಡು ಒಟ್ಟಿಗೆ ಹಲ್ಲು ಉದುರಿಸಿಕೊಂಡ ಹಾಗಿದೆ. ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಬಾಯಿಯ ಅಳತೆ ತೆಗೆದು ಕಳಿಸುತ್ತಲೇ ಇರುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಹಲ್ಲಿನ ಸೆಟ್ಟು ಮಾಡುತ್ತಲೇ ಇರುತ್ತೇನೆ. ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಪ್ಲಾಸ್ಟರ್. ನಿನ್ನ ಅತ್ತಿಗೆ ಊಟಕ್ಕೆ ಬಡಿಸುವ ಮೊದಲು ನನ್ನ ಕೈ ಮುಂದೆ ಮಾಡಿಸಿ ನೋಡುತ್ತಾಳೆ, ಥೇಟ್ ಒಂದನೇ ಕ್ಲಾಸಿನ ಟೀಚರು.

ಅಮ್ಮ ಚೆನ್ನಾಗಿದ್ದಾಳೆ. ನಮ್ಮ ಸಿನಿಮಾಕ್ಕೆ ಮೋಡ ಹೊಲಿಯುತ್ತಿದ್ದಾಳೆ. ಹಳೆಯ ದಿಂಬು ಬಿಚ್ಚಿ, ಹತ್ತಿ ಹಿಂಜಿ, ತೆಳ್ಳನೆಯ ಬಲೆಬಟ್ಟೆಗೆ ಟಾಕು ಹಾಕಿ ಒಂದೊಂದೇ ಮೋಡ ಮಾಡುತ್ತಾಳೆ. "ಮೋಡ ಅಂದ್ರೆ ಅಂಚು ಹರಿದಿರ್ಬೇಕಮ್ಮ, ನೀನು ದಿಂಬಿನ ಕವರ್ ಥರ ಮಡಚಿ ಹೊಲಿದಿದ್ದೀಯಲ್ಲ" ಎಂದರೆ ಮುಖ ಊದಿಸಿಕೊಳ್ಳುತ್ತಾಳೆ. "ನಾನು ಹೊಲಿದಿದ್ದು ಇದುವರೆಗೂ ಬಿಚ್ಚಿಲ್ಲ ಕಣೋ. ನಿನ್ನ ಆಕಾಶಕ್ಕೋಸ್ಕರ ಈ ವಯಸ್ಸಲ್ಲಿ ಕೆಟ್ಟ ಹೊಲಿಗೆ ಕಲೀಲಾ?" ಎನ್ನುತ್ತಾಳೆ. ಕೊನೆಗೆ ಅವಳು ನಿದ್ದೆ ಮಾಡುವಾಗ ನಾನೇ ಕೂತು ಅಂಚುಗಳನ್ನು ಕಿತ್ತೆ. ಎದ್ದವಳು ನೋಡಿ ಇಡೀ ಸಂಜೆ ಮಾತು ಬಿಟ್ಟಿದ್ದಳು.

ಈಗ ನಿನ್ನ ವಿಷಯ. ನೀನು ಕಳಿಸಿದ ದೃಶ್ಯಗಳನ್ನು ನಾವು ಮೂವರೂ ಎಷ್ಟು ಸಲ ನೋಡಿದೆವೋ. ಒಂದು ಮಾಮೂಲಿ ಬೆಳಿಗ್ಗೆ, ಹೆಂಗಸೊಬ್ಬಳು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಳೆ, ಮನೆ ಬುಡಸಮೇತ ಕಿತ್ತು ಆಕಾಶಕ್ಕೇರುತ್ತದೆ, ಅವಳಿಗೆ ಇನ್ನೂ ಗೊತ್ತಿಲ್ಲ. ನಿನ್ನ ಕಥೆಯನ್ನು ನೀನು ಎಂಟು ವರ್ಷದವಳಿದ್ದಾಗ ಹೇಳಿದಾಗಲೂ ನನಗೆ ಇಲ್ಲಿಯೇ ಮೈ ಜುಂ ಎಂದಿತ್ತು. ಬಾಚಣಿಗೆ ಹಿಡಿದ ಕೈ ನಿಂತು, ನೀನು ಮೆಲ್ಲಗೆ ಕಿಟಕಿಯ ಕಡೆ ಕಣ್ಣು ತಿರುಗಿಸುತ್ತೀಯಲ್ಲ, ನಿನ್ನ ಅತ್ತಿಗೆ ಆಗ ನನ್ನ ತೋಳು ಹಿಡಿದುಕೊಂಡಳು. ಮೇಜಿನ ಮೇಲಿನ ಲೋಟ ತಾನಾಗಿಯೇ ಜಾರುವುದೂ ಚೆನ್ನಾಗಿದೆ. ಅದಕ್ಕೆ ಕಟ್ಟಿದ ದಾರ ಕಾಣುತ್ತದೆ, ಇರಲಿ ಬಿಡು. ಮ್ಯಾಟಿನಿಯಲ್ಲಿ ಹಳೆಯ ಮಾಯಾಜಾಲದ ಸಿನಿಮಾ ನೋಡುವಾಗ ನೀನು "ದಾರ! ದಾರ!" ಎಂದು ಕಿರುಚಿದ್ದಕ್ಕೆ ಮುಂದಿನ ಸಾಲಿನ ಮಹಾಶಯ ತಿರುಗಿ ನಮ್ಮಿಬ್ಬರನ್ನೂ ಗದರಿಸಿದ್ದ. ನಮ್ಮ ಸಿನಿಮಾದಲ್ಲಿ ಯಾವ ಮಗುವಾದರೂ ಹಾಗೆ ಕಿರುಚಿದರೆ ನನಗೆ ಸಂತೋಷವೇ.

ಕೋಣೆಯನ್ನು ಅವಳ ಕಣ್ಣಿನಿಂದಲೇ ತೋರಿಸಿದ ದೃಶ್ಯಗಳನ್ನು ನೀನೇ ತೆಗೆದೆ ಎಂದು ಬರೆದಿದ್ದೀಯ. ಕ್ಯಾಮೆರಾ ಎಷ್ಟು ಕೆಳಗಿಟ್ಟಿದ್ದೀಯೇ! ಕಿಟಕಿ ಎತ್ತರವಾಗಿ, ಆಕಾಶ ದೊಡ್ಡದಾಗಿ ಕಾಣುತ್ತದೆ. ಇದನ್ನೆಲ್ಲ ಯಾವಾಗ ಕಲಿತೆ? ಇಡೀ ದಿನ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವಳು, ಆಫೀಸಿನಲ್ಲಿ ಕೂರುವ ಕೆಲಸ ಸಿಕ್ಕಿದ ಮೇಲೆ ಕಲಾವಿದೆಯಾಗಿಬಿಟ್ಟೆ ನೋಡು. ಹೊಗಳಿದೆ ಎಂದು ಉಬ್ಬಬೇಡ, ಬೈಗುಳ ಮುಂದಿದೆ.

ಇಲ್ಲಿಯ ಕೆಲಸ ಹೇಳುತ್ತೇನೆ ಕೇಳು. ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ನಿನ್ನ ಮನೆ ಎದ್ದಿದೆ. ಗೋಡೆ ಹಲ್ಲಿನ ಪ್ಲಾಸ್ಟರಿನದು, ಹೆಂಚು ಮೇಣದ್ದು. ಮೊದಲ ಸಲ ಗೋಡೆಗೆ ಬಳಿದ ಬಣ್ಣ ಒಣಗಿದ ಮೇಲೆ ನೋಡಿದರೆ ಒಸಡಿನ ಗುಲಾಬಿ. ಇಷ್ಟು ವರ್ಷ ಅದನ್ನೇ ಕಲಸಿದ ಕೈ, ಬೇರೇನು ಕಲಸೀತು? ಅಳಿಸಿ ಮತ್ತೆ ಬಳಿದೆ. ಮನೆ ಮೇಲೆದ್ದಾಗ ಕೆಳಗೆ ಉಳಿಯುವ ಬೀದಿಗೆ ಕಲ್ಲುಹಾಸು ಬೇಕಿತ್ತು. ಡಾಕ್ಟರಮ್ಮ ಬಣ್ಣ ಹೊಂದಲಿಲ್ಲವೆಂದು ಬದಿಗೆ ಹಾಕಿದ್ದ ಕೃತಕ ಹಲ್ಲುಗಳನ್ನು ಡಬ್ಬಿಗಟ್ಟಲೆ ತಂದು ಒತ್ತಿ ಕೂರಿಸಿ ಬೂದಿ ಬಣ್ಣ ಹೊಡೆದೆ. ಲೆನ್ಸಿನಲ್ಲಿ ನೋಡಿದರೆ ನೂರು ವರ್ಷ ಜನ ತುಳಿದ ಬೀದಿ! ಅಮ್ಮ ಮಾತ್ರ ಕನ್ನಡಕ ಏರಿಸಿ ನೋಡಿ, "ಈ ಬೀದೀಲಿ ಬರಿಗಾಲಲ್ಲಿ ನಡೆದ್ರೆ ಕಚ್ಚುತ್ತೆ" ಎಂದಳು.

ಮನೆಯನ್ನು ತೂಗುಹಾಕಿರುವುದು ಏನಿಂದ, ಹೇಳು ನೋಡೋಣ? ಹಲ್ಲಿನ ಸಂದಿಗೆ ಹಾಕುವ ದಾರದಿಂದ. ಸಣ್ಣದು, ಗಟ್ಟಿ, ಮಸಿ ಸವರಿದರೆ ಕಣ್ಣಿಗೇ ಬೀಳದು. ಡಾಕ್ಟರಮ್ಮ ಬೀರು ತೆಗೆದು ನೋಡಿ, "ದಾರ ಇಷ್ಟು ಬೇಗ ಹೇಗೆ ಖಾಲಿ ಆಗ್ತಿದೆ? ಪೇಷಂಟ್‌ಗಳು ಇದ್ದಕ್ಕಿದ್ದ ಹಾಗೆ ಶುಚಿಯಾಗಿಬಿಟ್ರಾ?" ಎಂದು ಕೇಳಿದರು. ನಾನು ತಲೆ ಬಗ್ಗಿಸಿ ಕೈಯಲ್ಲಿದ್ದ ಸೆಟ್ಟನ್ನು ಉಜ್ಜತೊಡಗಿದೆ. ಆಮೇಲೆ ಒಂದು ದಿನ ಕದ್ದು ಹಿಂದಿನ ಕೋಣೆಗೆ ಬಂದವರು ಮೇಜಿನ ಮೇಲೆ ನೇತಾಡುತ್ತಿದ್ದ ಮನೆಯನ್ನು ನೋಡಿ, ಬೆರಳ ತುದಿಯಿಂದ ಬಾಗಿಲು ತಟ್ಟಿ ಹೋದರು. ಮರುದಿನ ನನ್ನ ಮೇಜಿನ ಮೇಲೆ ಎರಡು ಹೊಸ ಉಂಡೆ ದಾರ.

ಇನ್ನು ಬೈಗುಳ. ಆಕಾಶದಿಂದ ಇಳಿದು ಬರುವ ಕ್ಯಾಮೆರಾ ಕಿಟಕಿಯೊಳಗೆ ನುಗ್ಗಿದ ಕೂಡಲೇ ನಿನ್ನ ನಿಜವಾದ ಕೋಣೆ ಕಾಣಿಸಬೇಕು. ಹಾಗಾಗಿ ನನ್ನ ಪುಟ್ಟ ಕೋಣೆಗೂ ನಿನ್ನ ಕೋಣೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಅದಕ್ಕೇ ಅಲ್ಲವೇ ಅಳತೆ ಬರೆದು ಕಳಿಸು ಎಂದು ಬೇಡಿಕೊಂಡದ್ದು? ನೀನು ಏನು ಕಳಿಸಿದ್ದೀಯ! ಕನ್ನಡಿಯ ಕೆಳಗಿನ ಅಂಚು ನೆಲದಿಂದ ಎರಡಡಿಗೆ. ಅದರಲ್ಲಿ ಮುಖ ನೋಡಿಕೊಳ್ಳುವವರು ಯಾರು, ಬೆಕ್ಕೇ? ಬಟ್ಟೆ ತೂಗುಹಾಕುವ ಕೊಕ್ಕೆ ನನ್ನ ಸೊಂಟದ ಎತ್ತರಕ್ಕೆ. ಬಾಗಿಲು ಬೀರು ಹೊತ್ತುಕೊಂಡು ಹೋಗುವಷ್ಟು ಅಗಲ, ಅದಕ್ಕೆ ಹೊಸ್ತಿಲೇ ಇಲ್ಲ. ಮಂಚ ಗೋಡೆಯಿಂದ ದೂರ ಕೋಣೆಯ ಮಧ್ಯೆ ನಿಂತಿದೆ. ನಿನ್ನ ಕೈಗೆ ಟೇಪು ಕೊಟ್ಟದ್ದೇ ತಪ್ಪಾಯಿತು. ಶಾಲೆಯಲ್ಲಿ ಸ್ಕೇಲನ್ನು ತಲೆಕೆಳಗಾಗಿ ಹಿಡಿದು ಗೆರೆ ಎಳೆದವಳಲ್ಲವೇ ನೀನು! ಹೋಗಲಿ, ಎಲ್ಲವನ್ನೂ ನಾನೇ ಸರಿಮಾಡಿದ್ದೇನೆ. ಕನ್ನಡಿ ಎತ್ತರಿಸಿದೆ, ಬಾಗಿಲು ಕಿರಿದು ಮಾಡಿದೆ, ಹೊಸ್ತಿಲು ಕೂರಿಸಿದೆ, ಮಂಚವನ್ನು ಗೋಡೆಗೆ ತಳ್ಳಿದೆ. ಈಗ ಮನುಷ್ಯರು ವಾಸಮಾಡುವ ಕೋಣೆಯಂತೆ ಕಾಣುತ್ತದೆ.

ಇನ್ನೊಂದು. ಎಲ್ಲ ದೃಶ್ಯದಲ್ಲೂ ಕೂತೇ ಇರುತ್ತೀಯಲ್ಲ ಮಾರಾಯ್ತಿ! ಮನೆ ಹಾರುತ್ತಿದೆ ಎಂದು ತಿಳಿದ ಮೇಲೆ ದಡಬಡ ಎದ್ದು ಬಾಗಿಲಿಗೆ ಓಡಬೇಡವೇ? ಹೋದ ಸಲ ಕೇಳಿದ್ದಕ್ಕೆ, "ಮನೆಯೇ ಹಾರ್ತಿರುವಾಗ ಅವಳು ಯಾಕೆ ಓಡ್ಬೇಕು ಅಣ್ಣ?" ಎಂದು ಬರೆದೆ. ಮಾತಿನಲ್ಲಿ ನಿನ್ನನ್ನು ಗೆದ್ದವರುಂಟೇ? ಆದರೆ ಕೊನೆಯ ದೃಶ್ಯದಲ್ಲಿ ಮಾತ್ರ ಬಿಡುವುದಿಲ್ಲ. ಮನೆ ಮತ್ತೆ ನೆಲಕ್ಕಿಳಿಯುತ್ತದೆ, ಬಾಗಿಲು ತೆರೆಯುತ್ತದೆ, ಅವಳು ಹೊರಗೆ ಬರುತ್ತಾಳೆ. ಇದನ್ನು ಹಳೆಯ ಕಾಲದ ರೀತಿಯಲ್ಲೇ ಮಾಡುತ್ತೇನೆ. ಪುಟ್ಟ ಮನೆಯನ್ನು ಕ್ಯಾಮೆರಾದ ಮೂಗಿನ ಹತ್ತಿರ ಇಟ್ಟು, ನಿನ್ನನ್ನು ಬಯಲಿನಲ್ಲಿ ದೂರ ನಿಲ್ಲಿಸಿದರೆ, ನೀನು ಬೆರಳುದ್ದವಾಗಿ ಆ ಬಾಗಿಲಿನಲ್ಲೇ ನಿಂತಂತೆ ಕಾಣುತ್ತೀಯ. ಅಲ್ಲಿಂದ ನಡೆದು ಬಾ ಎಂದರೆ ಪ್ಲಾಸ್ಟರಿನ ಮನೆಯಿಂದ ಜೀವಂತ ಹೆಂಗಸು ನಡೆದು ಬಂದಂತೆಯೇ. ಅದಕ್ಕೆ ನೀನು ಇಲ್ಲಿರಬೇಕು. ಒಂದೇ ದಿನ ಸಾಕು. ಕ್ಲಿನಿಕ್ಕಿನ ಹಿಂದಿನ ಬಯಲನ್ನು ಡಾಕ್ಟರಮ್ಮ ಬಿಟ್ಟುಕೊಡುತ್ತಾರೆ.

ಬಾರೇ. ಈ ಸಲ ರಜೆ ಇಲ್ಲ, ನಿಮ್ಮವರಿಗೆ ಆರಾಮಿಲ್ಲ, ಮುಂದಿನ ತಿಂಗಳು ನೋಡೋಣ ಎಂದೆಲ್ಲ ಬರೆಯಬೇಡ. ನೀನು ಈ ಮನೆಗೆ ಬಂದು ವರ್ಷ ದಾಟಿತು. ನಾನೇ ಬರೋಣವೆಂದರೆ, ಪ್ರಯಾಣ ಎಂದ ಕೂಡಲೇ ತಲೆಸುತ್ತು ಬರುವ ಮನುಷ್ಯ ನಾನು, ನಿನಗೆ ಗೊತ್ತು. ಧೈರ್ಯ ಮಾಡಿ ಹೊರಟಾಗಲೂ "ಮನೆ ಬದಲಾಯಿಸ್ತಿದ್ದೀವಿ, ಎಲ್ಲ ಚೆಲ್ಲಾಪಿಲ್ಲಿ, ಅಮ್ಮ ಒಬ್ಬಳೇ ಬರಲಿ" ಎಂದು ನೀನೇ ತಡೆದೆ. ಫೋನಿನಲ್ಲಿ ನಿನ್ನ ಮುಖವಷ್ಟೇ ಕಾಣುತ್ತದೆ, ಅದೂ ನಗುತ್ತಲೇ ಇರುತ್ತದೆ. ಮೆಟ್ಟಿಲ ಮೇಲೆ ಧಡಧಡ ಸದ್ದು ಮಾಡಿಕೊಂಡು ಏರಿ ಬರುತ್ತಿದ್ದೆಯಲ್ಲ, ಆ ಸದ್ದು ಕೇಳದೆ ಮನೆ ಭಣಭಣ ಎನ್ನುತ್ತಿದೆ. ಮೆಟ್ಟಿಲ ಸದ್ದಿಗೆ ತಲೆನೋವು ಎಂದು ಬೈಯುತ್ತಿದ್ದವನೂ ನಾನೇ.

ನಿನಗೂ ನಿಮ್ಮವರಿಗೂ ಒಳ್ಳೆಯದಾಗಲಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ,

ನಿನ್ನ ಅಣ್ಣ


ಮಾರ್ಚ್ ೨, ಭಾನುವಾರ

ನನ್ನ ಬುಗುರಿಗೆ,

ಈ ಸಲವೂ ತಡವಾಯಿತು. ನೆಪ ಹುಡುಕಿದರೆ ಸಿಗುತ್ತದೆ, ಹುಡುಕುವುದಿಲ್ಲ. ಮೂರು ಸಲ ಬರೆಯಲು ಕೂತು ಎದ್ದೆ. ಬರಲು ಆಗುವುದಿಲ್ಲ ಎಂದು ನೀನು ಬರೆದದ್ದಕ್ಕೆ ಕೋಪ ಮಾಡಿಕೊಂಡಿದ್ದೇನೆ ಎಂದು ತಿಳಿಯಬೇಡ. ಕೋಪವಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ಡಾಕ್ಟರಮ್ಮ ಹೊಸ ಕುರ್ಚಿ ತರಿಸಿದ್ದಾರೆ, ಗುಂಡಿ ಒತ್ತಿದರೆ ಪೇಷಂಟು ಮಲಗುವಂಥದು. ಅಮ್ಮ ಅದರ ಮೇಲೆ ಒಂದು ಸಲ ಮಲಗಿ ಎದ್ದು, "ಹಲ್ಲು ಕಿತ್ತುಕೊಳ್ಳೋಕೆ ಇಷ್ಟು ಸುಖ ಬೇಕಾ" ಎಂದಳು. ನಿನ್ನ ಅತ್ತಿಗೆ ತನ್ನ ಕೂದಲು ಒಣಗಿಸುವ ಯಂತ್ರವನ್ನು ಸಿನಿಮಾಕ್ಕೆ ದಾನಮಾಡಿದ್ದಾಳೆ, ಮೋಡ ಓಡಿಸುವುದಕ್ಕೆ.

ಮನೆ ಹಾರಿತು ಕಣೇ! ಅದನ್ನು ಹೇಳಲೇಬೇಕು. ಕ್ಲಿನಿಕ್ಕಿಗೆ ರಜೆ ಇದ್ದ ದಿನ ಹಗಲು ಹೊತ್ತಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಸೂರ್ಯನಿಗೆಂದು ಒಂದೇ ದೀಪ ದೂರದಲ್ಲಿಟ್ಟು ಶುರುಮಾಡಿದೆವು. ಗಾಳಿಯಲ್ಲಿ ಮಂಜು ಬೇಕಲ್ಲ, ಸೊಳ್ಳೆ ಬತ್ತಿ ಹಚ್ಚಿದೆವು. ಮೊದಲನೆಯ ಸಲ ಮನೆ ಮೇಲೆದ್ದದ್ದು ಚೇಷ್ಟೆಯ ಮಂಗನಂತೆ. ಸಣ್ಣ ವಸ್ತು ಚುರುಕಾಗಿ ಅಲ್ಲಾಡುತ್ತದೆ, ಭಾರದ ವಸ್ತು ನಿಧಾನವಾಗಿ. ಹಾಗಾಗಿ ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ ತೆಗೆದು, ಆಮೇಲೆ ನಿಧಾನವಾಗಿ ತೋರಿಸಬೇಕು. ಹಾಗೆ ಮಾಡಿದ ಮೇಲೆ ನೋಡಬೇಕಿತ್ತು ನೀನು. ಮನೆ ಒಂದು ಸಲ ನರಳಿದಂತೆ ವಾಲಿತು, ಬುಡದಿಂದ ಮಣ್ಣು ಉದುರಿತು, ಬೀದಿಯ ಕಲ್ಲುಗಳು ಕಿತ್ತುಬಂದವು, ಇಷ್ಟಿಷ್ಟೇ ಮೇಲೇರಿ ಅಮ್ಮನ ಮೋಡಗಳ ನಡುವೆ ಹೋಯಿತು. ನಿನ್ನ ಅತ್ತಿಗೆ ರಾಟೆಯ ದಾರ ಎಳೆಯುತ್ತ ಉಸಿರು ಬಿಗಿಹಿಡಿದಿದ್ದಳು. ಮುಗಿದ ಮೇಲೆ ಮೂವರೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಓಡಿದೆವು. ಸೊಳ್ಳೆ ಬತ್ತಿ ಹೆಚ್ಚಾಗಿತ್ತು.

ಕೋಣೆಯ ಲೆಕ್ಕವೂ ಹೊಂದಿತು. ನಾನು ಸರಿಮಾಡಿದ್ದನ್ನೆಲ್ಲ ಕಿತ್ತು ನಿನ್ನ ಅಳತೆಗೇ ಮಾಡಿದೆ. ನಿನ್ನ ಟೇಪು ಸರಿಯಾಗಿಯೇ ಇತ್ತು, ತಪ್ಪು ನನ್ನದು. ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸಿದ ಮೇಲೆ ಎರಡೂ ಕೋಣೆ ಒಂದೇ ಆದವು.

ಕೊನೆಯ ದೃಶ್ಯ ಬೇಡವೆಂದು ತೀರ್ಮಾನಿಸಿದ್ದೇನೆ. ಹಿಂದಿನ ಬಯಲಿನಲ್ಲಿ ಡಾಕ್ಟರಮ್ಮ ಕಾರು ನಿಲ್ಲಿಸಲು ಶೆಡ್ಡು ಹಾಕಿಸುತ್ತಿದ್ದಾರೆ, ಜಾಗವಿಲ್ಲ. ಅಲ್ಲದೆ ಅವಳು ಮನೆಯಿಂದ ಇಳಿದು ಯಾಕೆ ಬರಬೇಕು? ಹಾರುತ್ತಲೇ ಇರಲಿ, ಕಿಟಕಿಯಿಂದ ಕೆಳಗೆ ನೋಡುತ್ತಿರಲಿ. ನಿನಗೆ ಒಪ್ಪಿಗೆಯಾದರೆ ಕಿಟಕಿಯ ಬಳಿಯ ಒಂದು ದೃಶ್ಯ ತೆಗೆದು ಕಳಿಸು. ಹಾಗೆಂದು ಸೋಮಾರಿಯ ಹಾಗೆ ಬಗ್ಗಿಕೊಂಡಿರಬೇಡ. ನೆಟ್ಟಗಿರು. ಬೆಳಕು ಎಡಗಡೆಯಿಂದ ಬರಲಿ. ಲೋಟದ ದಾರಕ್ಕೆ ಮಸಿ ಹಚ್ಚು, ಎಷ್ಟು ಸಲ ಹೇಳಬೇಕು ನಿನಗೆ!

ನಿಮ್ಮವರನ್ನು ಕೇಳಿದೆನೆಂದು ಹೇಳು. ಅವರು ಒಳ್ಳೆಯವರು. ಇದನ್ನು ನಾನು ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟಮಾಡು, ಚೆನ್ನಾಗಿ ನಿದ್ದೆಮಾಡು. ನಿನ್ನ ಮನೆಯ ಮೇಲೆ ಬೆಳಕಿರಲಿ, ನಿನ್ನ ನಗು ಹೀಗೆಯೇ ಇರಲಿ. ನಮ್ಮೆಲ್ಲರ ತುಂಬು ಆಶೀರ್ವಾದ.

ನಿನ್ನ ಅಣ್ಣ

ಮರೆತ ಮಾತು: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಕ್ಯಾಮೆರಾ ಕೆಳಗಿಳಿಸಿದೆ ಎಂದು ಬರೆದೆನಲ್ಲ, ಅದು ಹೇಗಾಯಿತು ಎಂದು ಬರೆಯಲಿಲ್ಲ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಪುಟ್ಟ ಮನೆಯನ್ನು ದೊಡ್ಡದಾಗಿ ತೋರಿಸಬೇಕಾದರೆ, ಅದರೊಳಗೆ ಒಬ್ಬ ಪುಟ್ಟ ಮನುಷ್ಯನಿದ್ದರೆ ಅವನ ಕಣ್ಣು ಎಲ್ಲಿರುತ್ತದೋ ಅಲ್ಲಿ ಲೆನ್ಸ್ ಇರಬೇಕು. ಅದಕ್ಕಾಗಿ ನಿನ್ನದೇ ಒಂದು ಮೇಣದ ಬೊಂಬೆ ಮಾಡಿದ್ದೆ. ಅಂಗೈ ಉದ್ದದ್ದು. ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿರುವ ಬೊಂಬೆ, ನೀನು ಜಗಳಕ್ಕೆ ನಿಲ್ಲುವ ಹಾಗೆ. ಅದನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಅದರ ಕಣ್ಣಿನ ಎತ್ತರಕ್ಕೆ ಲೆನ್ಸ್ ಇಟ್ಟೆ. ನೀನು ಕಳಿಸಿದ ದೃಶ್ಯವನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದೂ ಹೊಂದಲಿಲ್ಲ. ಕನ್ನಡಿಯನ್ನು ನಿನ್ನ ಅಳತೆಗೆ ಇಳಿಸಿದೆ. ಆಗ ಅದರಲ್ಲಿ ಬೊಂಬೆಯ ಹೊಟ್ಟೆ ಕಂಡಿತು, ಮುಖ ಇಲ್ಲ. ಲೆನ್ಸನ್ನು ಇಳಿಸಿದೆ. ಮೇಜು ಹೊಂದಿತು, ಮಂಚದ ಅಂಚು ಹೊಂದಿತು, ಕಿಟಕಿ ಹೊಂದಿತು. ಬೊಂಬೆಯೊಂದೇ ಹೊಂದಲಿಲ್ಲ. ಮೇಣದ ಕಾಲು ತಾನೇ, ಚಾಕು ಬಿಸಿಮಾಡಿ ಮಂಡಿಯ ಹತ್ತಿರ ಬಗ್ಗಿಸಿ, ಒಂದು ಪ್ಲಾಸ್ಟರ್ ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿದೆ. ಕನ್ನಡಿಯ ಸರಿಯಾಗಿ ನಡುವೆ ಮುಖ ಬಂತು.

ನನಗೆ ಮೊದಲು ಖುಷಿಯಾಯಿತು ಕಣೇ. ಅದನ್ನು ಈಗಲೂ ಸಹಿಸಲಾಗುತ್ತಿಲ್ಲ. "ಹೊಂದ್ತು, ಹೊಂದ್ತು!" ಎಂದು ಹುಚ್ಚನ ಹಾಗೆ ಕೂಗಿದೆ. ಆಮೇಲೆ ಕೊಕ್ಕೆಗಳ ಕಡೆ ನೋಡಿದೆ. ಕೂತವರ ಕೈಗೆ ಎಟುಕುವ ಕೊಕ್ಕೆಗಳು. ಬಾಗಿಲನ್ನು ನೋಡಿದೆ. ಮಂಚದ ಎರಡೂ ಕಡೆಯ ಜಾಗ ನೋಡಿದೆ, ಒಂದು ಕುರ್ಚಿ ತಿರುಗಿಸುವಷ್ಟು ಜಾಗ. ಹೊಸ್ತಿಲು ಯಾಕಿಲ್ಲವೆಂದು ತಿಳಿಯಿತು. ಬಾಗಿಲಿನಲ್ಲಿ ನಾನು ಕೂರಿಸಿದ್ದ ಹೊಸ್ತಿಲು ಇನ್ನೂ ಅಲ್ಲೇ ಇತ್ತು. ಅದನ್ನು ಕೀಳಲು ಹೋದರೆ ಚಾಕು ಜಾರಿ ಪಕ್ಕದ ಗೋಡೆಯೂ ಒಡೆಯಿತು.

ಅಮ್ಮ ಅಲ್ಲೇ ಕೂತು ಮೋಡಕ್ಕೆ ಟಾಕು ಹಾಕುತ್ತಿದ್ದಳು. ತಲೆಯೆತ್ತಿ ಬೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು. ಸೂಜಿ ಕೆಳಗಿಟ್ಟು, "ಗೊತ್ತಾಯ್ತಾ ನಿಂಗೆ" ಎಂದಳು.

ಅಮ್ಮನಿಗೆ ಗೊತ್ತಿತ್ತು. ನಿನ್ನ ಅತ್ತಿಗೆಗೆ ಗೊತ್ತಿತ್ತು. ಬಸ್ಸು ಗಕ್ಕನೆ ನಿಂತದ್ದು, ನೀನು ಫುಟ್‌ಬೋರ್ಡಿನಿಂದ ಬಿದ್ದದ್ದು, ಬೆನ್ನುಮೂಳೆಯ ಆಪರೇಷನ್ನು, ಮಹಡಿಯ ಮನೆ ಬಿಟ್ಟು ನೆಲಮಟ್ಟದ ಮನೆಗೆ ಹೋದದ್ದು, ಅಮ್ಮ ನಿನ್ನ ಹತ್ತಿರ ಬಂದಿದ್ದದ್ದು ಸಾಮಾನು ಜೋಡಿಸಲಿಕ್ಕಲ್ಲ ಎನ್ನುವುದು, ಎಲ್ಲ. ನನಗೊಬ್ಬನಿಗೆ ಬಿಟ್ಟು. ನಾನು ಅಮ್ಮನ ಮೇಲೆ ಕೂಗಾಡಿದೆ. "ನಾನೇನು ಪರದೇಸಿನಾ? ಅವಳು ಹುಟ್ಟಿದಾಗಿಂದ ಹೆಗಲ ಮೇಲೆ ಹೊತ್ಕೊಂಡು ತಿರುಗಿದ್ದು ನಾನು. ಅವಳು ಆಸ್ಪತ್ರೇಲಿ ಮಲಗಿದ್ದಾಗ ನಾನಿಲ್ಲಿ ಕೂತು ಯಾರದೋ ಹಲ್ಲು ಉಜ್ತಿದ್ನಲ್ಲಮ್ಮ" ಎಂದೆ.

ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅವಳೇ ಬೇಡ ಅಂದ್ಲು ಕಣೋ. ನನ್ನ ಕೈಮೇಲೆ ಆಣೆ ಹಾಕಿಸ್ಕೊಂಡ್ಲು. 'ಬಂದೋರೆಲ್ಲ ನನ್ನ ಕಾಲನ್ನೇ ನೋಡ್ತಾರೆ ಅಮ್ಮ, ಮಾತಾಡೋದೂ ಮೆತ್ತಗೆ, ಸತ್ತ ಮನೇಲಿ ಮಾತಾಡೋ ಹಾಗೆ. ಅಣ್ಣ ಒಬ್ಬ ಇನ್ನೂ ಏಳೇ, ಓಡೇ, ಸೋಮಾರಿ ಅಂತ ಬೈತಾನೆ. ಅವನ ಬಾಯಲ್ಲಾದ್ರೂ ನಾನು ಓಡಾಡ್ಕೊಂಡಿರ್ತೀನಿ, ಅವನಿಗೆ ಹೇಳ್ಬೇಡ' ಅಂದ್ಲು."

ಅಂದಿನಿಂದ ನಿನ್ನ ಒಂದು ಮಾತನ್ನೂ ಮರೆಯಲಾಗಿಲ್ಲ. ನನ್ನ ಬೈಗುಳದ ಪತ್ರ ಬಂದಾಗ ಅದನ್ನು ನೀನು ನಗುತ್ತ ಓದುತ್ತಿದ್ದೆಯೋ, ಅಳುತ್ತ ಓದುತ್ತಿದ್ದೆಯೋ? ಕನ್ನಡಿಯ ಅಳತೆಯನ್ನು ಸುಳ್ಳು ಬರೆಯಬಹುದಿತ್ತಲ್ಲ ನೀನು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಯಾಕೆ ಕಳಿಸಿದೆ? ನಿನ್ನೊಳಗೆ ಎಲ್ಲೋ ಅಣ್ಣನಿಗೆ ತಿಳಿಯಲಿ ಎಂದೂ ಇತ್ತೇ? ಅದನ್ನು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಗೊತ್ತಾಗಬಾರದೆಂದಿದ್ದರೆ, ನಿನಗೆ ಓಡಾಡಲು ಉಳಿದಿದ್ದ ಒಂದೇ ಜಾಗವನ್ನು ನಾನು ನನ್ನ ಕೈಯಾರೆ ಹಾಳುಮಾಡಿದೆ.

ಮೇಲಿನ ಪತ್ರದಲ್ಲಿ ಬೈದು ಬರೆಯಲು ಹೊರಟೆ. ನೆಟ್ಟಗಿರು ಎನ್ನುವುದಕ್ಕೇ ನಾಲ್ಕು ಹಾಳೆ ಹಾಳಾಯಿತು. ಶೆಡ್ಡಿನ ವಿಷಯ ಸುಳ್ಳು. ಬಯಲು ಹಾಗೆಯೇ ಇದೆ. ನಿನ್ನನ್ನು ನೋಡಬೇಕೆಂದು ಜೀವ ಬಡಿದುಕೊಳ್ಳುತ್ತಿದೆ ಬುಗುರಿ. ನಿನ್ನ ಪಕ್ಕದಲ್ಲಿ ಕೂತು, ಕೈ ಹಿಡಿದು, ಒಂದು ಮಾತೂ ಆಡದೆ ಇದ್ದು ಬಂದರೂ ಸಾಕು. ತಲೆಸುತ್ತು ಬರಲಿ, ದಾರಿಯುದ್ದಕ್ಕೂ ವಾಂತಿಯಾಗಲಿ. ಬಾ ಎಂದು ಒಂದು ಅಕ್ಷರ ಬರೆದರೆ ಹಾರುವ ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಗಾಡಿಗೇ ಹೊರಡುತ್ತೇನೆ.

ಆದರೆ ಇದು ನಿನ್ನ ಗುಟ್ಟು. ನಾನು ನಿನ್ನನ್ನು ಕೇಳದೆ ಒಳಗೆ ಕಾಲಿಟ್ಟಿದ್ದೇನೆ. ಅದಕ್ಕೇ ಈ ಹಾಳೆ ಬೇರೆ. ನಿನಗೆ ಬೇಡವೆನ್ನಿಸಿದರೆ ಇದೊಂದನ್ನು ಹರಿದುಹಾಕಿ ಮೇಲಿನದಕ್ಕಷ್ಟೇ ಉತ್ತರ ಬರೆ. ನನಗೆ ಅರ್ಥವಾಗುತ್ತದೆ. ಅಮ್ಮನನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ. ಮುಂದಿನ ಪತ್ರದಲ್ಲಿ, ಹೇಗಾದರೂ ಮಾಡಿ, ಎಷ್ಟು ಹಾಳೆ ಹಾಳಾದರೂ ಸರಿ, ಮೊದಲಿನ ಹಾಗೆಯೇ ಬೈದು ಬರೆಯುತ್ತೇನೆ: ಎಷ್ಟು ಹೊತ್ತು ಕೂತಿರ್ತೀಯೇ, ಎದ್ದು ಓಡೇ ಸೋಮಾರಿ.